ಹಾಲುಕ್ಕದ ಅರ್ಧ ಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆ ಒಕ್ಕಲಾದ ದಿನ ನಾನು ಆಡಬೇಕಾಗಿದ್ದ ಒಂದೇ ಒಂದು ಮಾತನ್ನು ಆಡಲಿಲ್ಲ. 'ಈ ಮನೆ ನಮ್ಮಕ್ಕಂದೂ ಹೌದು' ಅನ್ನುವುದಕ್ಕೆ ಎಷ್ಟು ಉಸಿರು ಬೇಕು ಹೇಳಿ? ಅಷ್ಟು ಉಸಿರನ್ನು ನಾನು ಉಳಿತಾಯ ಮಾಡಿಕೊಂಡೆ. ಅದರ ಫಲವಾಗಿ, ಸ್ವಂತ ಮನೆಗೆ ಬಾಳೆಹಣ್ಣು ಹಿಡಿದುಕೊಂಡು ನೆಂಟರ ಹಾಗೆ ಬರುವ ಹೆಂಗಸು ಇಡೀ ಮಧುಗಿರಿಗೆ ಒಬ್ಬಳೇ ಆದಳು. ಅವಳೇ ನಮ್ಮಕ್ಕ!

ಅಕ್ಕ ಕೊರಟಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟವಳು. ಗಂಡನನ್ನು ಯಾಕೆ ಬಿಟ್ಟೆ ಅಂತ ಯಾರಾದರೂ ಕೇಳಿದರೆ, 'ಅವನ್ಗೆ ನನ್ನ ಟೀ ಹಿಡಿಸ್ಲಿಲ್ಲ, ನನ್ಗೆ ಅವ್ನು ಹಿಡಿಸ್ಲಿಲ್ಲ' ಅನ್ನುತ್ತಾಳೆ. ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲೇ ವಾಸ. ಅವಳ ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಕೊರಟಗೆರೆಯ ಒಂದು ನರಪಿಳ್ಳೆಯೂ ಕಂಡಿಲ್ಲ. ಒಲೆಗೆ ಬೆನ್ನು ಹಾಕಿ ಗಿರಾಕಿಗಳ ಜೊತೆ ರಾಜಕೀಯ ಮಾತಾಡುತ್ತಿರುತ್ತಾಳೆ. ಹಾಲು ಇನ್ನೇನು ಏಳಬೇಕು, ಕೈ ತಾನಾಗಿ ಹಿಂದಕ್ಕೆ ಹೋಗಿ ಗ್ಯಾಸು ತಗ್ಗಿಸುತ್ತದೆ. ಅವಳಿಗೆ ಬೆನ್ನಲ್ಲಿ ಕಣ್ಣಿದೆಯೋ, ಹಾಲಿಗೇ ಅವಳ ಭಯವೋ!

ನಾನು ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು, ಮಧುಗಿರಿಯಲ್ಲಿ ಲಗೇಜ್ ಆಟೋ ಓಡಿಸುವವನು. ಮನೆ ಕೊಳ್ಳುವುದು ನನ್ನೊಬ್ಬನಿಂದಲೂ ಆಗುತ್ತಿರಲಿಲ್ಲ, ಅವಳೊಬ್ಬಳಿಂದಲೂ ಆಗುತ್ತಿರಲಿಲ್ಲ.

'ಇಬ್ರೂ ಸೇರಿ ಒಂದು ತಗಳಾಣ ಕಣ್ಲಾ. ಅರ್ಧ ನಿಂದು, ಅರ್ಧ ನಂದು' ಎಂದಳು ಅಕ್ಕ.

ಸುದ್ದಿ ಕೇಳಿ ನಮ್ಮ ಸೋದರಮಾವ ಹುಲಿಕುಂಟೆಯಿಂದ ಬಸ್ಸು ಹತ್ತಿ ಬಂದುಬಿಟ್ಟರು. 'ಅಕ್ಕ ತಮ್ಮ ಸೇರಿ ಎಮ್ಮೆ ಕೊಂಡಿದ್ದು ನೋಡಿವ್ನಿ. ಮನೆ ಕೊಂಡಿದ್ದು ಎಲ್ಲಾದ್ರೂ ಉಂಟೇನ್ಲಾ?'

'ಎಮ್ಮೆ ಆದ್ರೆ ಕೆಚ್ಚಲು ಯಾರ್ಗೆ, ಬಾಲ ಯಾರ್ಗೆ ಅಂತ ಜಗಳ ಬತ್ತದೆ ಮಾವ. ಮನೆಗೆ ಬಾಲ ಇಲ್ವಲ್ಲ, ಬುಡು' ಎಂದಳು ಅಕ್ಕ. ಮಾವ ಕಾಫಿ ಕುಡಿದು ವಾಪಸ್ಸು ಬಸ್ಸು ಹತ್ತಿದರು.

ಇನ್ನು ಅಕ್ಕ ಮನೆ ನೋಡುವ ಕ್ರಮ! ಗೋಡೆ, ಬಾಗಿಲು, ವಾಸ್ತು ಯಾವುದೂ ಬೇಡ. ಅಡುಗೆಮನೆಯ ನೆಲಕ್ಕೆ ಒಂದು ಚೊಂಬು ನೀರು ಸುರಿದು, ಕುಕ್ಕರಗಾಲಲ್ಲಿ ಕೂತು, ಅದು ಎತ್ತ ಹರಿಯುತ್ತದೆ ಅಂತ ನೋಡುತ್ತಾಳೆ. ಬಚ್ಚಲ ಕಡೆ ಹೋದರೆ ಮನೆ ಪಾಸು. ಶಿರಾದಲ್ಲಿ ನೋಡಿದ ಮನೆಯ ನೀರು ನೆಟ್ಟಗೆ ದೇವರಮನೆಗೆ ನುಗ್ಗಿತು. 'ದೇವ್ರಿಗೆ ದಿನಾ ಪಾತ್ರೆ ತೊಳೆದ ನೀರು ಕುಡ್ಸಕ್ಕಾಯ್ತದಾ?' ಎಂದು ಎದ್ದುಬಂದಳು. ಪಾವಗಡದಲ್ಲಿ ಇವಳು ಮತ್ತೆ ಮತ್ತೆ ನೀರು ಸುರಿಯುವುದನ್ನು ಕಂಡು ಮನೆಯ ಯಜಮಾನನಿಗೆ ರೇಗಿತು. 'ಏಮಮ್ಮಾ, ಇಲ್ಲು ಕೊಂಟಾವಾ, ಕಡುಗ್ತಾವಾ?' ಎಂದ ತೆಲುಗಿನಲ್ಲಿ. ಮನೆ ಕೊಳ್ಳಲು ಬಂದೆಯೋ ತೊಳೆಯಲು ಬಂದೆಯೋ ಅಂತ! 'ತೊಳುದ್ಮೇಲೆ ತಾನೇ ಬಣ್ಣ ಗೊತ್ತಾಗದು' ಎಂದಳು ಅಕ್ಕ, ಕನ್ನಡದಲ್ಲಿ.

ಕಡೆಗೆ ಮಧುಗಿರಿಯಲ್ಲೇ, ಬೆಟ್ಟದ ಬುಡದಲ್ಲಿ, ಎರಡು ಕೋಣೆಯ ಒಂದು ಮನೆ. ನೀರು ಬುದ್ಧಿವಂತ ಮಗುವಿನ ಹಾಗೆ ಬಚ್ಚಲಿಗೆ ಹೋಯಿತು. ಪತ್ರ ಬರೆಯುವವನು 'ಯಾವ ಅರ್ಧ ಯಾರಿಗಮ್ಮ?' ಎಂದು ಕೇಳಿದಾಗ ಅಕ್ಕ, 'ಸೂರು ಇಬ್ರಿಗೂ. ಸೋರಿದ್ರೆ ಮಾತ್ರ ಇವನ್ಗೆ' ಎಂದಳು. ಇಬ್ಬರ ಹೆಸರಿಗೂ ಸಮಪಾಲಾಗಿ ರಿಜಿಸ್ಟರ್ ಆಯಿತು.

ಒಕ್ಕಲಿನ ದಿನ ಅಕ್ಕ ಹೊಸ ಸೀರೆ ಉಟ್ಟು, ತಾನೇ ಹಾಲು ತಂದು, ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ಕೂತಿದ್ದಳು. ಅಷ್ಟರಲ್ಲಿ ಮಾವ ಬಂದರು.

'ಹಾಲುಕ್ಕಿಸಾದು ದಂಪತಿಗಳ ಕೈಲಿ ಆಗ್ಬೇಕು. ಗಂಡ ಬುಟ್ಟೋಳು ಮುಂದ್ಕೆ ಕೂರಬಾರ್ದು. ನೀನು ಆಚೆ ಹೋಗಿ ಉಪ್ಪಿಟ್ಟು ಬಡಿಸು ಕಣಮ್ಮ.'

ಅಕ್ಕ ಮಾವನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಬಾಗಿಲಿಗೆ ಕಟ್ಟಿದ್ದ ಮಾವಿನ ಸೊಪ್ಪು ನೋಡಿದೆ. ಅಷ್ಟು ಶ್ರದ್ಧೆಯಿಂದ ಮಾವಿನ ಸೊಪ್ಪು ನೋಡಿದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿರಲಾರ! ಅಕ್ಕ ಬೆಂಕಿಪೊಟ್ಟಣವನ್ನು ನನ್ನ ಹೆಂಡತಿಯ ಕೈಗಿಟ್ಟು ಎದ್ದುಹೋದಳು. ಉಪ್ಪಿಟ್ಟು ಬಹಳ ಚೆನ್ನಾಗಿ ಬಡಿಸಿದಳಂತೆ. ಮಾವ ಮತ್ತೆ ಮತ್ತೆ ಹಾಕಿಸಿಕೊಂಡರು.

ಸಂಜೆ ಹೊರಡುವಾಗ, 'ನಿಮ್ಮನೆ ಚೆಂದಾಗೈತೆ. ಬತ್ತೀನಿ' ಎಂದಳು.

'ನಿಮ್ಮನೆ ಅಂದ್ರೆ ಏನಕ್ಕ? ಎರಡು ರೂಮಲ್ಲಿ ಒಂದು ನಿಂದೇ ಅಲ್ವಾ?'

'ನನ್ನ ಅರ್ಧಕ್ಕೆ ಇನ್ನೂ ಹಾಲುಕ್ಕಿಲ್ಲ ಕಣ್ಲಾ. ಹಾಲುಕ್ಕದ ಮನೇಲಿ ಹೆಂಗೆ ಇರಾದು?' ನಗುತ್ತಲೇ ಹೇಳಿದಳು. ತಮಾಷೆ ಅಂದುಕೊಂಡೆ. ತಮಾಷೆ ಅಂದುಕೊಳ್ಳುವುದು ಎಷ್ಟು ಸಲೀಸು!

ಅಂದಿನಿಂದ ಅಕ್ಕ ನೆಂಟಳಾದಳು. ಭಾನುವಾರ ಬರುವುದು, ಹೊಸಿಲಾಚೆ ಚಪ್ಪಲಿ ಬಿಟ್ಟು 'ಯಾರವ್ರೇ ಮನೇಲಿ?' ಎಂದು ಕೂಗುವುದು, ಕುರ್ಚಿಯ ತುದಿಯಲ್ಲಿ ಕೂರುವುದು. ತಾನೇ ಆರಿಸಿ ನಲ್ಲಿ ಹಾಕಿಸಿದ ಬಚ್ಚಲನ್ನು 'ಎತ್ತಾಗೈತಪ್ಪ?' ಎಂದು ಕೇಳುವುದು. ಪಕ್ಕದ ಮನೆಯವರು 'ನಿಮ್ಮಕ್ಕ ಎಷ್ಟು ಮರ್ಯಾದಸ್ತರು!' ಎಂದು ಹೊಗಳಿದರು. ನನಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು.

ಖಾಲಿ ಕೋಣೆ ಎಷ್ಟು ದಿನ ಖಾಲಿ ಇದ್ದೀತು? ಅದರಲ್ಲಿ ನನ್ನ ಆಟೋದಲ್ಲಿ ಸಾಗಿಸುವ ಹುಣಸೆಹಣ್ಣಿನ ಮೂಟೆಗಳನ್ನು ಪೇರಿಸಿದೆ. ಒಮ್ಮೆ ಅಕ್ಕ ಇಣುಕಿ ನೋಡಿದಳು. 'ಏನ್ಲಾ, ಹುಣಸೆಹಣ್ಣು ಬಾಡಿಗೆ ಕರೆಕ್ಟಾಗಿ ಕೊಡ್ತದಾ?'

ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದ ಮಳೆಗೆ ಅಕ್ಕನ ಕೋಣೆಯೇ ಸೋರಿತು. ಫೋನು ಮಾಡಿದೆ. 'ನಿಮ್ಮನೆ ಇಚಾರ ನಂಗ್ಯಾಕಪ್ಪ?' ಎಂದು ಇಟ್ಟುಬಿಟ್ಟಳು. ಬೆಳಗ್ಗೆ ನೋಡಿದರೆ ಗಾರೆಯವನನ್ನು ಕರೆದುಕೊಂಡು ಬಂದು ತಾರಸಿಯ ಮೇಲಿದ್ದಾಳೆ! ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನನ್ನು ಬೈದು ಬೈದು ಬಿರುಕು ಮುಚ್ಚಿಸಿದಳು. ಕೆಲಸ ಮುಗಿಯಿತು, ಕೆಳಗಿಳಿದಳು, ಬೀದಿಗೆ ಹೋದಳು. ಹೊಸಿಲಾಚೆ ನಿಂತು ಕೈಮೇಲಿನ ಸಿಮೆಂಟು ಒರೆಸಿಕೊಳ್ಳುತ್ತ ಕೂಗಿದಳು: 'ಯಾರವ್ರೇ ಮನೇಲಿ?'

ಈಚೆಗೆ ಕೊರಟಗೆರೆಯಲ್ಲಿ ರಸ್ತೆ ಅಗಲ ಮಾಡುತ್ತೇವೆಂದು ಅಂಗಡಿ, ಹಿಂದಿನ ಕೋಣೆ ಎರಡನ್ನೂ ತೆರವು ಮಾಡಿಸಿದರು. ಅಕ್ಕನ ಫೋನು ಬಂತು. 'ಲೇ, ಮಧುಗಿರೀಲಿ ನನ್ಗೊಂದು ಬಾಡಿಗೆ ರೂಮು ನೋಡ್ಲಾ.'

ಅರ್ಧ ಮನೆಯ ಒಡತಿಗೆ ಬಾಡಿಗೆ ಕೋಣೆ! ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವಳ ಪಾತ್ರೆ, ಒಲೆ, ಸಿಲಿಂಡರು ಎಲ್ಲವನ್ನೂ ನನ್ನ ಆಟೋಗೆ ತುಂಬಿಕೊಂಡು, ಅವಳನ್ನೂ ಕೂರಿಸಿಕೊಂಡು ಕೋಣೆ ಹುಡುಕಲು ಹೊರಟೆ. ಒಂದು ಮನೆಯ ಒಡತಿ ಕೇಳಿದಳು:

'ಸ್ವಂತ ಮನೆ ಇಲ್ವೇನಮ್ಮ?'

'ಐತೆ. ಅರ್ಧ.'

'ಮತ್ತೆ ಅಲ್ಲಿರಕ್ಕೇನು?'

'ಇನ್ನೂ ಒಕ್ಕಲಾಗಿಲ್ಲ ಕಣವ್ವ' ಎಂದು ಅಕ್ಕ ಸಾಮಾನಿನಿಂದ ಚೊಂಬು ಹುಡುಕಿ ತೆಗೆದು, ಆ ಇರುಕಲು ಅಡುಗೆಮನೆಯ ನೆಲಕ್ಕೆ ನೀರು ಸುರಿದು ಕುಕ್ಕರಗಾಲಲ್ಲಿ ಕೂತಳು. ನೀರು ಎತ್ತಲೂ ಹರಿಯಲಿಲ್ಲ, ನಡುವೆಯೇ ನಿಂತಿತು. ಅಕ್ಕ ಅದನ್ನೇ ನೋಡುತ್ತ, 'ಪರ್ವಾಗಿಲ್ಲ, ನಡೀತದೆ' ಎಂದಳು.

ನಮ್ಮಕ್ಕನ ಬಾಯಲ್ಲಿ 'ಪರ್ವಾಗಿಲ್ಲ'! ನನಗೆ ತಡೆಯಲಾಗಲಿಲ್ಲ.

'ಏಳಕ್ಕ, ಮನೆಗೆ ಹೋಗಾಣ.'

'ಯಾರ ಮನೆಗೆ?'

ಚೊಂಬು ಎತ್ತಿಕೊಂಡು ಹೊರಬಂದು ಆಟೋ ತಿರುಗಿಸಿದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಹಾಲು ಕೊಂಡೆ. ನಾನೂ ಹೆಂಡತಿಯೂ ಹುಣಸೆಹಣ್ಣಿನ ಮೂಟೆಗಳನ್ನು ಹೊರಗೆಳೆದೆವು, ಹೆಂಡತಿ ನೆಲ ಸಾರಿಸಿ ರಂಗೋಲಿ ಹಾಕಿದಳು. ಅಕ್ಕನ ಟೀ ಅಂಗಡಿಯ ಒಲೆಯನ್ನೇ ಅಕ್ಕನ ಕೋಣೆಯ ನಡುವೆ ಇಟ್ಟು, ಬೆಂಕಿಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ.

'ಅರ್ಧ ಲೀಟ್ರು ತಂದಿದೀಯಲ್ಲೋ ಜಿಪುಣ!'

'ಅರ್ಧ ಮನೆಗೆ ಸಾಲದಾ?'

ಅಕ್ಕ ನಕ್ಕು ಒಲೆ ಹೊತ್ತಿಸಿದಳು. ಹಾಲು ಏಳತೊಡಗಿತು. ಅವಳ ಕೈ ಅಭ್ಯಾಸಬಲದಿಂದ ಗ್ಯಾಸಿನ ತಿರುಪಿನ ಕಡೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಹಾಲು ಬಿಳಿಯಾಗಿ ಉಬ್ಬಿ, ಅಂಚು ದಾಟಿ, ಒಂದು ದಿನವೂ ಹಾಲು ಬೀಳದ ಆ ಒಲೆಯ ಮೇಲೆ ಚುರ್ರೆಂದು ಇಳಿಯಿತು.

ಅಕ್ಕ ಗ್ಯಾಸು ಆರಿಸಿ, ಅವತ್ತಿನ ಹಾಗೆಯೇ ನನ್ನ ಮುಖ ನೋಡಿದಳು. ನೋಡಿಕೊಂಡು ನಿಲ್ಲೋಣವೆಂದರೆ ಈ ಬಾಗಿಲಿಗೆ ಮಾವಿನ ಸೊಪ್ಪೂ ಇರಲಿಲ್ಲ.

'ಈ ಮನೆ ನಿಂದೂ ಹೌದು ಅಂತ ಮಾವನ ಮುಂದೆ ಹೇಳ್ದೆ ಸುಮ್ನಿದ್ಬುಟ್ಟೆ. ತಪ್ಪಾಯ್ತು ಕಣಕ್ಕ.'