ಕಾಯೋ ಕನ್ಸೋಲು, ಕೂಗೋ ಕೋಗಿಲಿ

ಸಾಯಿಕುಮಾರ: ಅದೇನ್ ದೇವರ ಫೋಟೋ ಏನು, ಕಣ್ಣು ಪಿಳುಕಿಸಲಾರದ ನೋಡ್ಲಕತ್ತಿ? ಅಲ್ಲಿ ಕಮಲಾಪುರದಾಗ ನನ್ನ ತಂಗೀನ ನೋಡ್ಲಾಕ ಗಂಡಿನವರು ಬರೋ ಹೊತ್ತಾತು.

ಸೃಷ್ಟಿ: ಕಂಪ್ಯೂಟರಿನ ಕನ್ಸೋಲ್ ರೀ ಇದು. ಒಂದು ಸಾಲು ಬರದ್ರ ಅಲ್ಲೇ ಜವಾಬು ಕೊಡ್ತದ. ಕ್ಲಾಸಿನ ಹುಡುಗರ ರಿಸಲ್ಟ್ ಸರ್ವರ್‌ದಿಂದ ಬರಬೇಕು. ‘ಅವೇಟ್’ ಅಂತ ಬರದೀನಿ. ಅದು ಕಾಯ್ಲಕತ್ತದ, ನಾನೂ ಕಾಯ್ಲಕತ್ತೀನಿ.

ಸೇಡಂ ರಸ್ತೆಯ ಬಾಡಿಗೆ ಮನೆ. ಸೃಷ್ಟಿ ಪ್ರೋಗ್ರಾಮಿಂಗ್ ಕಲಿಸುವವಳು. ಅವಳ ಗಂಡ ಇಸ್ತ್ರಿ ಅಂಗಿ ಸುಕ್ಕಾದೀತೆಂದು ಕೂರದೆ ನಿಂತೇ ಇದ್ದಾನೆ. ತಂದೆಯಿಲ್ಲದ ಮನೆ, ಹುಡುಗನಿಗೆ ಪ್ರಶ್ನೆ ಕೇಳಬೇಕಾದವನು ಅವನೇ. ‘ಅಣ್ಣ ಬರಲಾರದ ನಾ ಅವರ ಮುಂದ ಕುಂದ್ರಲ್ಲ’ ಎಂದು ತಂಗಿ ಕಾವೇರಿ ಹಟ ಹಿಡಿದಿದ್ದಾಳೆ.

ಸಾಯಿಕುಮಾರ: ಮಷೀನಿಗಿ ಕೆಲಸ ಹಚ್ಚಿ ಅದರ ಕಾವಲಿಗಿ ಕುಂತಿ. ಇದಕ್ಕ ಇಂಜಿನಿಯರಿಂಗ್ ಓದಬೇಕಾತೇನು?

ಸೃಷ್ಟಿ: ಅಸಿಂಕ್ ಅಂತಾರ ಇದಕ್ಕ. ಒಂದರ ಜವಾಬು ಬರೋತನಕ ಮಷೀನು ಖಾಲಿ ಕುಂದ್ರಲ್ಲ, ಬ್ಯಾರೆ ಕೆಲಸ ಮುಗಿಸ್ತದ.

ಸಾಯಿಕುಮಾರ: ಅದು ಕುಂದ್ರಲ್ಲ, ನೀ ಕುಂದಿರ್ತಿ. ಇಷ್ಟೊತ್ತಿಗಿ ಸೀರಿ ಉಟ್ಕೊಂಡು ಬರ್ತಿದ್ದಿ.

ಸೃಷ್ಟಿ: ನೀವು ಮುಂಜಾನಿಂದ ನಿಂತೇ ಇದ್ದೀರಿ. ಗಾಡಿಗಿ ಪೆಟ್ರೋಲ್ ಹಾಕ್ಸೀರೇನು?

ಸಾಯಿಕುಮಾರ: ಹಾದ್ಯಾಗ ಹಾಕ್ಸಿದ್ರಾತು.

ಫೋನು ಬಂತು. ಕಮಲಾಪುರದಿಂದ ತಾಯಿ ಶೇವಂತಾ.

ಸಾಯಿಕುಮಾರ: ಹಾಂ ಅವ್ವ, ಹಾದ್ಯಾಗೇ ಇದ್ದೀವಿ. ಊರು ದಾಟೀವಿ.

ಅಷ್ಟರಲ್ಲಿ ಗೋಡೆಯ ಗಡಿಯಾರದ ಕೋಗಿಲೆ ಬಾಗಿಲು ತೆರೆದು ಕೂಗಿತು. ಇವರ ಮದುವೆಗೆ ಕಾವೇರಿ ಕೊಟ್ಟ ಗಡಿಯಾರ ಅದು. ಅವನು ಫೋನು ಇಟ್ಟ.

ಸೃಷ್ಟಿ: ಕನ್ಸೋಲ್ ನಿಮಗಿಂತ ಚಲೋ. ಮುಗಿಲಿಲ್ಲ ಅಂದ್ರ ಮುಗಿಲಿಲ್ಲ ಅಂತದ. ಊರು ದಾಟೀನಿ ಅನ್ನಲ್ಲ.

ಸಾಯಿಕುಮಾರ: ಅದನ್ನ ಅಲ್ಲೇ ಬಿಟ್ಟು ಬಾ. ಹಿಂದ ತಾನೇ ಮಾಡ್ಕೋತದ.

ಸೃಷ್ಟಿ: ಹಿಂದ ಮಾಡ್ಕೋ ಅಂತ ಮೊದ್ಲೇ ಹೇಳಬೇಕಿತ್ತು. ಅವೇಟ್ ಅಂದ ಮ್ಯಾಲ ಜವಾಬು ಬರೋತನಕ ಮುಂದಿನ ಸಾಲು ಬರಿಲಾಕ ಬಿಡಲ್ಲ.

ಸಾಯಿಕುಮಾರ: ಭಾಳ ಶಾಣ್ಯಾ ಮಷೀನು ಬಿಡು.

ಕೊನೆಗೆ ಸೃಷ್ಟಿ ಎದ್ದಳು. ಸೀರೆಗೆ ಪಿನ್ನು, ಬೈಕಿಗೆ ಕೀಲಿ ಹುಡುಕುವುದರಲ್ಲಿ ಒಂದು ತಾಸಿನ ಮೇಲೇ ಹೋಯಿತು. ಮತ್ತೆ ಫೋನು. ಈ ಸಲ ಕಾವೇರಿ. ಸಾಯಿಕುಮಾರ ಸ್ಪೀಕರಿಗೆ ಹಾಕಿದ.

ಸಾಯಿಕುಮಾರ: ಬಂದೇ ಬಿಟ್ಟೀವಿ ಕಾವೇರಿ. ಅವರಿಗಿ ಇನ್ನೊಂದು ಸಲ ಚಹಾ ಕೊಡು.

ಕಾವೇರಿ: ಅವರು ಬಂದು, ನೋಡಿ, ನಾಷ್ಟಾ ಮಾಡಿ ಹೋದ್ರು ಅಣ್ಣ.

ಸಾಯಿಕುಮಾರ: ನಾ ಬರಲಾರದ ಕುಂದ್ರಲ್ಲ ಅಂದಿದ್ದಿ.

ಕಾವೇರಿ: ಅಂದಿದ್ದೆ. ಅವ್ವನ ಫೋನಿನಾಗ ನಾ ಕೊಟ್ಟ ಕೋಗಿಲಿ ಕೂಗಿತು. ಊರು ದಾಟಿದ ಮ್ಯಾಲೂ ಕೂಗ್ತದಂತ ಗೊತ್ತಿರಲಿಲ್ಲ. ಸಿಟ್ಟು ಬಂತು, ಅಳೂನೂ ಬಂತು. ಆಮ್ಯಾಲ ಮಾರಿ ತೊಳ್ಕೊಂಡು ನಾನೇ ಕುಂತೆ. ಹುಡುಗನಿಗಿ ಪ್ರಶ್ನಿನೂ ನಾನೇ ಕೇಳ್ದೆ.

ಸಾಯಿಕುಮಾರ: ಏನಂತ?

ಕಾವೇರಿ: ‘ಹಾದ್ಯಾಗಿದ್ದೀನಿ ಅಂದ್ರ ನೀವು ಎಲ್ಲಿರ್ತೀರಿ’ ಅಂತ. ‘ಹಾದ್ಯಾಗೇ ಇರ್ತೀನಿ’ ಅಂದ. ಪಸಂದ್ ಅಂದುಬಿಟ್ಟೆ.

ಸಾಯಿಕುಮಾರ ಇಸ್ತ್ರಿ ಅಂಗಿಯಲ್ಲೇ ದೊಪ್ಪನೆ ಕುಳಿತ. ಸೃಷ್ಟಿ ಪರದೆಯತ್ತ ಬಗ್ಗಿ ನೋಡಿದಳು.

ಸೃಷ್ಟಿ: ಇಲ್ಲೂ ಜವಾಬು ಬಂದದ ರೀ.

ಸಾಯಿಕುಮಾರ: ಏನಂತದ?

ಸೃಷ್ಟಿ: ಕಾದು ಕಾದು ಸಾಕಾಗಿ ಕೈಬಿಟ್ಟದಂತ.