ನಾನು ಕಂಪ್ಯೂಟರಿನ ಆಡಳಿತಗಾರನಾದ ಮಧ್ಯಾಹ್ನ

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ನಂಬುವುದಿಲ್ಲ. ಹೆಂಡತಿ ನೀಮಿಯಾ ಮಾಂಸ ಸುಡುವಾಗ ಬೆಂಕಿ ಕೆದಕಲೂ ಬಿಡುವುದಿಲ್ಲ. ಅದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಕಂಪ್ಯೂಟರ್ ಕೂಡ ಮುಟ್ಟಿದ್ದಕ್ಕೆಲ್ಲ "ಗುಪ್ತಪದ ಹೇಳು" ಎಂದು ಅನುಮಾನಪಡತೊಡಗಿದಾಗ ನನ್ನೊಳಗಿನ ಗಂಡಸು ಎದ್ದು ಕೂತ.

ನಮ್ಮ ಕಂಪ್ಯೂಟರು ನಡೆಯುವುದು ಲಿನಕ್ಸ್ ಮೇಲೆ. ಅದರಲ್ಲಿ ಆಡಳಿತಗಾರನ ಖಾತೆಯೊಂದು ಬೀಗ ಹಾಕಿಕೊಂಡು ಮಲಗಿರುತ್ತದೆ. ಅದಕ್ಕೊಂದು ಗುಪ್ತಪದ ಕೊಟ್ಟರೆ ಎಚ್ಚರವಾಗುತ್ತದೆ ಎಂದು ಎಲ್ಲೋ ಓದಿದ್ದೆ. ಆ ಖಾತೆಗೆ ರೂಟ್ ಅಂತಾರೆ, ಅಂದರೆ ಬೇರು. ಮಧ್ಯಾಹ್ನದ ಊಟವಾಗಿ ನಮ್ಮ ವಿಯ್ಯಾರಿಕಾ ಊರೇ ಮಲಗಿತ್ತು. ನೀಮಿಯಾ, ಅವಳಮ್ಮ ನ್ಯಾ ಕ್ರಿಸ್ಪುಲಾ ಇಬ್ಬರೂ ಒಳಗೆ ಮಲಗಿದ್ದರು. ನಾನು ಎಲೆ ನೆನೆಸಿದ ತಣ್ಣನೆಯ ತೆರೆರೆ ಪಾನಕ ಹೀರುತ್ತ ಗುಪ್ತಪದ ಕೊಟ್ಟೆ, ಒಳಹೊಕ್ಕೆ. ಸಾಮ್ರಾಜ್ಯ ಕೈಗೆ ಬಂತು!

ಆದರೆ ಸಾಮ್ರಾಜ್ಯವೆಲ್ಲ ಇಂಗ್ಲಿಷಿನಲ್ಲಿತ್ತು. ಸ್ಪ್ಯಾನಿಷ್ ಮಾಡೋಣವೆಂದು ಭಾಷೆಗಳ ಸಾಲಿಗೆ ಹೋದೆ. ಬೆರಳು ಜಾರಿತು. ಹೊರಬಂದು ಮತ್ತೆ ಒಳಹೋದರೆ ಪರದೆಯ ತುಂಬ ಎಸ್ಟೋನಿಯಾದ ಭಾಷೆ. (ಆ ದೇಶ ಎಲ್ಲಿದೆಯೋ, ಅಲ್ಲಿಯವರಿಗೆ ನನ್ನ ಮೇಲೆ ಏನು ಸಿಟ್ಟೋ.)

ಅದಾದರೂ ಹೋಗಲಿ, ನೀಮಿಯಾಳ ನಾಟಕವೇ ಕಾಣೆ! ಮಳೆಗಾಲದಿಂದ ತಾಯಿ ಮಗಳು ಕೂತು ನಮ್ಮ ಗ್ವಾರಾನಿ ಭಾಷೆಯಲ್ಲಿ ಧ್ವನಿಮುದ್ರಿಸಿದ್ದ ನಾಟಕ. ಸಂಜೆ ನಮ್ಮೂರ ರೇಡಿಯೋದಲ್ಲಿ ಬರಬೇಕಿತ್ತು. ಕಡತಗಳ ಜಾಗ ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ಬೇರು ಹಿಡಿಯಲು ಹೋದವನಿಗೆ ಬೆವರು ಹಿಡಿಯಿತು. ಬಸ್ಸು ಹತ್ತಿ ರಾಜಧಾನಿ ಅಸುನ್ಸಿಯೋನಿನ ಅಣ್ಣನ ಮನೆಗೆ ಓಡಿಹೋಗುವುದೋ, ಇಲ್ಲೇ ಎದೆ ಹಿಡಿದುಕೊಂಡು ಬೀಳುವುದೋ ಎಂದು ಯೋಚಿಸುತ್ತಿದ್ದೆ.

"ತಾಚೊ, ಯಾಕೆ ಸುಣ್ಣದ ಗೋಡೆ ಥರ ಆಗಿದ್ದೀಯ?"

ಹಿಂದೆ ನೀಮಿಯಾ.

"ನೀಮಿಯಾ, ನಿನ್ನ ನಾಟಕ... ಎಸ್ಟೋನಿಯಾಕ್ಕೆ ಹೋಯ್ತು."

ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ಆ ಖಾತೆಯಿಂದ ಹೊರಬಂದು ತನ್ನ ಖಾತೆಗೆ ಹೋದಳು. ನಾಟಕ ಅಲ್ಲೇ ಇತ್ತು, ಒಂದು ಮಾತೂ ಕೆಟ್ಟಿರಲಿಲ್ಲ.

"ನನ್ನ ಕಡತ ನನ್ನ ಖಾತೆಯಲ್ಲಿರತ್ತೆ. ಬೇರೆಯವರ ಮನೆಗೆ ನುಗ್ಗಿ ನಿನ್ನ ಚಪ್ಪಲಿ ಹುಡುಕಿದರೆ ಸಿಗತ್ತಾ?"

ನನಗೆ ಜೀವ ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಆ ಖಾತೇನ ಸ್ಪ್ಯಾನಿಷಿಗೆ ತರ್ತೀನಿ. ಗುಪ್ತಪದ ಏನು ಕೊಟ್ಟೆ?"

"ನಾನೇ ಒತ್ತುತೀನಿ, ಸ್ವಲ್ಪ ಸರಿ."

"ಕೈ ಹತ್ತಿರ ತರಬೇಡ. ಹೇಳು."

ಅಷ್ಟರಲ್ಲಿ ನ್ಯಾ ಕ್ರಿಸ್ಪುಲಾ ಕಣ್ಣುಜ್ಜುತ್ತ ಬಂದು ಪಕ್ಕದಲ್ಲೇ ಕೂತರು.

"ಕಿವಿಯಲ್ಲಿ ಹೇಳ್ತೀನಿ," ಎಂದೆ.

"ಯಾಕಪ್ಪ, ಇಲ್ಲಿ ಹೊರಗಿನವರು ಯಾರಿದ್ದಾರೆ?" ಎಂದರು ಅತ್ತೆ.

ಹೇಳಿದೆ. "ಅತ್ತೆ ಮುದಿಮೊಸಳೆ. ನಡುವೆ ಜಾಗ ಬಿಡಬಾರದು."

ನೀಮಿಯಾ ಒತ್ತಿದಳು. ತೆರೆಯಿತು. ಗೋಡೆಯ ಹಲ್ಲಿಯೂ ಉಸಿರು ಹಿಡಿದಿತ್ತು.

ಅತ್ತೆ ನಿಧಾನವಾಗಿ ಕುರ್ಚಿ ಎಳೆದುಕೊಂಡರು. "ಖಾತೆ ನನ್ನ ಹೆಸರಲ್ಲೇ ಇದೆ ಅಂದಮೇಲೆ ನಾನೇ ನೋಡ್ಕೋತೀನಿ. ಗುಪ್ತಪದ ಬದಲಾಯಿಸೋದು ಹೇಗೆ, ಮಗಳೇ?"

ಈಗ ಆಡಳಿತಗಾರರು ಅವರೇ. ಹೊಸ ಗುಪ್ತಪದ ನನ್ನ ಕುರಿತಾಗಿಯೇ ಇದೆಯಂತೆ. ನೀಮಿಯಾಳಿಗೆ ಗೊತ್ತು, ನನ್ನ ಮುಖ ಕಂಡಾಗಲೆಲ್ಲ ಒಳಗೆ ಹೋಗಿ ನಕ್ಕು ಬರುತ್ತಾಳೆ.