ಪರದೆಯಂಚಿನಲ್ಲಿ ಕಾಣೆಯಾದ ಕುರಿಯ ಬಗ್ಗೆ

ಸಂಖ್ಯೆ: ಯಂತ್ರ/ಕುರಿ/1/86-87
ಮಧುಗಿರಿ, ದಿನಾಂಕ: 17-11-1986

ಸುತ್ತೋಲೆ

ವಿಷಯ: ಪ್ರೌಢಶಾಲೆಯ ಕಂಪ್ಯೂಟರಿನಿಂದ ಕುರಿಯೊಂದು ಹೊರಟುಹೋದ ಬಗ್ಗೆ.

ಉಲ್ಲೇಖ: ಕುರಿಗಾಹಿ ಭೀಮಕ್ಕನವರ ಮೌಖಿಕ ಹೇಳಿಕೆ (ಯಾರೂ ಕೇಳದೆಯೇ ನೀಡಿದ್ದು).

ಕಳೆದ ಸೋಮವಾರ ಬೆಳಿಗ್ಗೆ ಕೊಡಿಗೇನಹಳ್ಳಿ ಕಡೆ ಹತ್ತು ಮಾರಿನಾಚೆ ಹೊಲ ಕಾಣದಷ್ಟು ಮಂಜು ಇಳಿದಿತ್ತು. ಇಬ್ಬನಿ ಆರುವ ತನಕ ಕುರಿ ಬಿಡುವಂತಿಲ್ಲವಾದ್ದರಿಂದ ಭೀಮಕ್ಕನವರು ಶಾಲೆಯ ಕಿಟಕಿಗೆ ಬಂದು ನಿಂತರು. ಒಳಗೆ ವಿಜ್ಞಾನದ ಮೇಷ್ಟ್ರು ರೇಣುಕಯ್ಯನವರು, ಹತ್ತು ದಿನದ ತರಬೇತಿಯ ಬಲದಿಂದ, ದೇವರನ್ನು ನೆನೆದು ಒಂದು ಪ್ರೋಗ್ರಾಂ ಬರೆದಿದ್ದರು: ಗುಂಡಿ ಒತ್ತಿದರೆ ಚುಕ್ಕಿಗಳ ಕುರಿ ಒಂದು ಹೆಜ್ಜೆ ಮುಂದಿಡುವುದು. ಮಕ್ಕಳು ಸಾಲಾಗಿ ಬಂದು ಒತ್ತಿದರು. ನಲವತ್ತೊಂದನೇ ಸಲ ಒತ್ತಿದಾಗ ಕುರಿ ಪರದೆಯ ಬಲ ಅಂಚು ದಾಟಿತು. ಮರಳಲಿಲ್ಲ.

ಮಧುಗಿರಿಯ ಶಿಕ್ಷಣ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಅಧೀಕ್ಷಕರು ಯಂತ್ರದ ಹಿಂದೆ, ಮೇಜಿನ ಕೆಳಗೆ ಹುಡುಕಿಸಿದರು. ಶನಿವಾರದೊಳಗೆ ಕುರಿಯನ್ನು ಹಾಜರುಪಡಿಸದಿದ್ದಲ್ಲಿ ಯಂತ್ರವನ್ನು ಮಧುಗಿರಿಯ ಉಗ್ರಾಣಕ್ಕೆ ಸಾಗಿಸತಕ್ಕದ್ದೆಂದು ಆದೇಶಿಸಲಾಯಿತು. ರೇಣುಕಯ್ಯನವರು ಮತ್ತೊಮ್ಮೆ ದೇವರನ್ನು ನೆನೆದದ್ದು ಕಡತದಲ್ಲಿಲ್ಲ.

ಆಗ ಭೀಮಕ್ಕನವರು ಒಳಬಂದು, ಪರದೆಯ ಅಂಚಿಗೆ ಕೋಲು ತಗುಲಿಸಿ ಹೇಳಿದ್ದು: "ಅಲ್ಲ ಮೇಷ್ಟ್ರೇ, ಮುಂದ್ಕೋಗು ಅಂದ್ರಿ, ಹೋಯ್ತು. ಅಂಚು ಬಂದ್ರೆ ತಿರುಗ್ಕೋ ಅಂತ ಯೋಳಿದ್ರಾ? ಅದನ್ನೂ ನಾನೇ ಬಂದು ಯೋಳ್ಬೇಕಾ?"

ಸದರಿ ಕೋಲನ್ನು ಅನುಮತಿಯಿಲ್ಲದ ಉಪಕರಣವೆಂದು ಜಪ್ತಿ ಮಾಡಲಾಯಿತು. ಮರುದಿನ ಕಚೇರಿಯ ಜಗಲಿಯಲ್ಲಿ ಭೀಮಕ್ಕನವರು ಹೇಳಿದ್ದು: "ಸಾಹೇಬ್ರೆ, ತೊಗರಿಕಡ್ಡಿ ಹಿಡ್ಕೊಂಡೋದ್ರೆ ಕುರಿ ನನ್ನ ಮಖ ನೋಡಿ ನಗ್ತವೆ ಕಣಪ್ಪ. ಪಕ್ಕದವ್ರ ಅವರೆ ಹೊಲಕ್ಕೆ ನುಗ್ಬುಟ್ಟವೆ. ನನ್ ಕೋಲು ಕೊಟ್ಬುಡಿ." ಮನವಿಯು ಲಿಖಿತವಾಗಿರದ ಕಾರಣ ಪರಿಶೀಲನೆಯಲ್ಲಿಡಲಾಯಿತು.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. 'ಮುಂದೆ ಹೋಗು' ಎಂದು ಬರೆಯುವ ಶಿಕ್ಷಕರು, ಎಲ್ಲಿ ತಿರುಗಬೇಕೆಂಬುದನ್ನೂ ಕಡ್ಡಾಯವಾಗಿ ಬರೆಯತಕ್ಕದ್ದು.

2. ಯಂತ್ರಕ್ಕೆ ಕೈಮುಗಿಯಲು ಅಭ್ಯಂತರವಿಲ್ಲ. ಕುಂಕುಮವನ್ನು ಗುಂಡಿಗಳಿಗೆ ಹಚ್ಚತಕ್ಕದ್ದಲ್ಲ, ಹೊದಿಕೆಗೆ ಹಚ್ಚಬಹುದು.

3. ಇಬ್ಬನಿ ಆರುವ ಮುನ್ನ ಪರದೆಯ ಕುರಿಯನ್ನೂ ಬಿಡತಕ್ಕದ್ದಲ್ಲ.

4. ಕರೆಂಟು ಹೋಗಿ ಕುರಿ ಅಳಿಸಿಹೋದಲ್ಲಿ, ಮತ್ತೆ ಬರೆದದ್ದನ್ನು ಹೊಸ ಕುರಿಯೆಂದೇ ಪರಿಗಣಿಸಿ, ಹಳೆಯದರ ಗೌರವಾರ್ಥ ಎರಡು ನಿಮಿಷ ಮೌನ ಆಚರಿಸುವುದು. ಬ್ಯಾ ಎನ್ನತಕ್ಕದ್ದಲ್ಲ.

5. ಸದರಿ ಕುರಿಯ ಉಣ್ಣೆಯನ್ನು ಪ್ರತಿ ತಿಂಗಳ ಐದರೊಳಗೆ ಕಚೇರಿಗೆ ತಲುಪಿಸುವುದು. ಉಣ್ಣೆ ಇಲ್ಲದಿದ್ದಲ್ಲಿ, ಕುರಿಯೇ ಅದಕ್ಕೆ ಕಾರಣ ನೀಡುವುದು.

ಶನಿವಾರ ರೇಣುಕಯ್ಯನವರು ಭೀಮಕ್ಕ ಹೇಳಿದ ಆ ಒಂದು ಸಾಲನ್ನು ಸೇರಿಸಿದರು. ಕುರಿ ಅಂಚಿನವರೆಗೆ ಹೋಯಿತು, ತಿರುಗಿತು, ಬಂದ ದಾರಿಯಲ್ಲೇ ಮನೆಗೆ ಬಂತು. ಪರಿಶೀಲನಾರ್ಥ ಅಧೀಕ್ಷಕರು ಖುದ್ದಾಗಿ ಇನ್ನೂರ ಹನ್ನೆರಡು ಬಾರಿ ಗುಂಡಿ ಒತ್ತಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಯಂತ್ರವು ಶಾಲೆಯಲ್ಲೇ ಉಳಿಯತಕ್ಕದ್ದು.

(ಸಹಿ) ನಂದೀಶ್ವರಯ್ಯ
ಅಧೀಕ್ಷಕರು

ಪ್ರತಿಗಳು:

1. ಶ್ರೀ ರೇಣುಕಯ್ಯ, ಶಿಕ್ಷಕರು.

2. ಉಗ್ರಾಣ ಪಾಲಕರು: ಬೀಗ ತೆಗೆಯುವ ಅಗತ್ಯವಿಲ್ಲ.

3. ಕುರಿ: ಪರದೆಯೆದುರು ಹಿಡಿದು ತೋರಿಸುವುದು.

4. ಶ್ರೀಮತಿ ಭೀಮಕ್ಕ: ಓದು ಬಾರದ ಕಾರಣ ಪ್ರತಿಯನ್ನು ಕಳುಹಿಸಿಲ್ಲ. ಅಧೀಕ್ಷಕರೇ ಈ ದಿನ ಇಬ್ಬನಿ ಆರುವ ಮುನ್ನ ಕುರಿದೊಡ್ಡಿಗೆ ಹೋಗಿ, ಕೋಲನ್ನು ಅವರ ಕೈಗಿತ್ತು ಬಂದಿದ್ದಾರೆ. ಹೆಬ್ಬೆಟ್ಟು ಪಡೆದಿಲ್ಲ.